ಖಜಾನೆಯಿಂದ ಖಾತೆಗೆ: ಸರ್ಕಾರಿ ನೆರವಿನ ಹಣ ಸಾಗಿಬರುವ ವಿದ್ಯುನ್ಮಾನ ದಾರಿ

## ಪರಿಕಲ್ಪನೆ

ಪಿಂಚಣಿ, ವಿದ್ಯಾರ್ಥಿವೇತನ, ಸಹಾಯಧನ, ಕೂಲಿ, ಬೆಳೆ ಪರಿಹಾರ ಮೊದಲಾದ ನೆರವಿನ ಹಣವನ್ನು ಸರ್ಕಾರವು ನಡುವಿನವರ ಕೈ ಸೋಕಿಸದೆ ಫಲಾನುಭವಿಯ ಬ್ಯಾಂಕ್ ಅಥವಾ ಅಂಚೆ ಖಾತೆಗೆ ನೇರವಾಗಿ ಜಮಾ ಮಾಡುವ ವ್ಯವಸ್ಥೆಗೆ ‘ನೇರ ಸೌಲಭ್ಯ ವರ್ಗಾವಣೆ’ ಎಂದು ಹೆಸರು. ‘ಡೈರೆಕ್ಟ್ ಬೆನಿಫಿಟ್ ಟ್ರಾನ್ಸ್‌ಫರ್’ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ‘ಡಿಬಿಟಿ’ ಎಂಬ ಪದ ಇಂದು ಹಳ್ಳಿಯ ಜನರ ಬಾಯಲ್ಲೂ ನೆಲೆಯೂರಿದೆ. ಕೇಂದ್ರ ಸರ್ಕಾರದ 50ಕ್ಕೂ ಹೆಚ್ಚು ಸಚಿವಾಲಯಗಳ 300ಕ್ಕೂ ಹೆಚ್ಚು ಯೋಜನೆಗಳು ಈ ವ್ಯವಸ್ಥೆಯೊಳಗೆ ಬರುತ್ತವೆ. ರಾಜ್ಯ ಸರ್ಕಾರಗಳ ಯೋಜನೆಗಳ ಲೆಕ್ಕ ಬೇರೆ.

ನೆರವು ಯಾವಾಗಲೂ ಹಣದ ರೂಪದಲ್ಲೇ ಇರುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟಿನ ಗುರುತು ಪಡೆದು ಕೊಡುವ ಪಡಿತರವೂ ಆಡಳಿತದ ಪರಿಭಾಷೆಯಲ್ಲಿ ಡಿಬಿಟಿಯೇ. ರಸಗೊಬ್ಬರದ ವಿಷಯದಲ್ಲಿ ರೈತನು ರಿಯಾಯಿತಿ ಬೆಲೆ ತೆತ್ತು ಚೀಲ ಒಯ್ಯುತ್ತಾನೆ. ಅಂಗಡಿಯ ಯಂತ್ರದಲ್ಲಿ ಆ ಮಾರಾಟ ದಾಖಲಾದ ನಂತರ ಸಹಾಯಧನವು ತಯಾರಿಕಾ ಕಂಪನಿಗೆ ಸಂದಾಯವಾಗುತ್ತದೆ. ಈ ಲೇಖನದ ವಿಷಯ ಮಾತ್ರ ಹಣವಾಗಿಯೇ ಖಾತೆಗೆ ಬರುವ ನೆರವು: ಅದು ಎಲ್ಲಿಂದ ಹೊರಡುತ್ತದೆ, ಯಾವ ದಾರಿಯಲ್ಲಿ ಸಾಗುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ.

## ಹಿನ್ನೆಲೆ

ದಶಕಗಳ ಕಾಲ ವೃದ್ಧಾಪ್ಯ ವೇತನ, ವಿಧವಾ ವೇತನಗಳು ಮನಿಯಾರ್ಡರಿನ ಮೂಲಕ ಮನೆಬಾಗಿಲಿಗೆ ಬರುತ್ತಿದ್ದವು. ಭಾರತದಲ್ಲಿ 1880ರಲ್ಲಿ ಆರಂಭವಾದ ಈ ಅಂಚೆ ಸೇವೆಗೆ ಒಂದು ದೊಡ್ಡ ಗುಣವಿತ್ತು: ನಡೆಯಲಾಗದ ಅಜ್ಜಿಯ ಕೈಗೂ ಅಂಚೆಯಣ್ಣ ನೋಟು ಎಣಿಸಿ ಕೊಡುತ್ತಿದ್ದ. ದೋಷಗಳೂ ಇದ್ದವು. ತೀರಿಕೊಂಡವರ ಹೆಸರು ಪಟ್ಟಿಯಲ್ಲಿ ಉಳಿಯುತ್ತಿತ್ತು. ಒಬ್ಬರೇ ಎರಡು ಹೆಸರಿನಲ್ಲಿ ಪಡೆಯಬಹುದಿತ್ತು. ಹಣ ಎಲ್ಲಿ ನಿಂತಿದೆ ಎಂದು ತಿಳಿಯುವ ಉಪಾಯ ಫಲಾನುಭವಿಗೆ ಇರಲಿಲ್ಲ. 1985ರಲ್ಲಿ ಒಡಿಶಾದ ಬರಪೀಡಿತ ಕಾಲಾಹಂಡಿಗೆ ಭೇಟಿ ನೀಡಿದ್ದ ಪ್ರಧಾನಿ ರಾಜೀವ್ ಗಾಂಧಿ, ಬಡವರಿಗಾಗಿ ಸರ್ಕಾರ ವ್ಯಯಿಸುವ ಒಂದು ರೂಪಾಯಿಯಲ್ಲಿ ಅವರನ್ನು ಮುಟ್ಟುವುದು 15 ಪೈಸೆ ಮಾತ್ರ ಎಂದಿದ್ದರು. ಆ ಮಾತು ಮುಂದಿನ ಎಲ್ಲ ಸುಧಾರಣೆಗಳ ಚರ್ಚೆಯಲ್ಲೂ ಮರುಕಳಿಸುತ್ತ ಬಂದಿದೆ.

2013ರ ಜನವರಿ 1ರಂದು ಆಯ್ದ ಜಿಲ್ಲೆಗಳಲ್ಲಿ ನೇರ ವರ್ಗಾವಣೆ ಆರಂಭವಾಯಿತು. ಮಧ್ಯಮ ವರ್ಗದ ಮನೆಗಳಿಗೆ ಅದರ ಪರಿಚಯವಾದದ್ದು ಅಡುಗೆ ಅನಿಲದಿಂದ. 2013ರ ಜೂನ್ 1ರಂದು ದೇಶದ 18 ಜಿಲ್ಲೆಗಳಲ್ಲಿ ಸಿಲಿಂಡರಿನ ಸಹಾಯಧನವನ್ನು ಖಾತೆಗೆ ಹಾಕುವ ಪ್ರಯೋಗ ನಡೆಯಿತು. ಆ ಪಟ್ಟಿಯಲ್ಲಿ ಕರ್ನಾಟಕದ ತುಮಕೂರು ಜಿಲ್ಲೆಯೂ ಇತ್ತು. ನಡುವೆ ನಿಂತ ಆ ಯೋಜನೆಯನ್ನು ತಿದ್ದಿ ‘ಪಹಲ್’ ಎಂಬ ಹೆಸರಿನಲ್ಲಿ 2014ರ ನವೆಂಬರ್ 15ರಂದು 54 ಜಿಲ್ಲೆಗಳಲ್ಲಿ, 2015ರ ಜನವರಿ 1ರಿಂದ ಇಡೀ ದೇಶದಲ್ಲಿ ಜಾರಿಗೆ ತರಲಾಯಿತು. ಸಿಲಿಂಡರಿಗೆ ಪೂರ್ಣ ಬೆಲೆ ಕೊಡುವುದು, ಆಮೇಲೆ ಸಹಾಯಧನ ಬಂದ ಸಂದೇಶಕ್ಕಾಗಿ ಮೊಬೈಲ್ ನೋಡುವುದು ಅಂದಿನಿಂದ ರೂಢಿಯಾಯಿತು.

## ಮೂರು ಕಂಬಗಳು

2014–15ರ ಆರ್ಥಿಕ ಸಮೀಕ್ಷೆಯು ಜನಧನ್ ಖಾತೆ, ಆಧಾರ್ ಸಂಖ್ಯೆ, ಮೊಬೈಲ್ ದೂರವಾಣಿ ಈ ಮೂರನ್ನೂ ಸೇರಿಸಿ ‘ಜ್ಯಾಮ್’ ಎಂದು ಕರೆಯಿತು. ಮೂರರಲ್ಲಿ ಒಂದು ಅಲುಗಿದರೂ ಹಣ ನಿಲ್ಲುತ್ತದೆ.

ಪ್ರಧಾನಮಂತ್ರಿ ಜನಧನ್ ಯೋಜನೆಯು 2014ರ ಆಗಸ್ಟ್ 28ರಂದು ಆರಂಭವಾಯಿತು. ಕನಿಷ್ಠ ಶಿಲ್ಕಿನ ನಿಯಮವಿಲ್ಲದ ಈ ಖಾತೆಗಳ ಸಂಖ್ಯೆ 2023ರ ಆಗಸ್ಟ್ ಹೊತ್ತಿಗೆ 50 ಕೋಟಿ ದಾಟಿತು; ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರ ಹೆಸರಿನಲ್ಲಿವೆ. ಖಾತೆಗಳ ಬೆಲೆ ಗೊತ್ತಾದದ್ದು 2020ರ ಲಾಕ್‌ಡೌನ್ ಕಾಲದಲ್ಲಿ. ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ ಸುಮಾರು 20 ಕೋಟಿ ಮಹಿಳೆಯರ ಜನಧನ್ ಖಾತೆಗಳಿಗೆ ತಲಾ 500 ರೂಪಾಯಿ ಜಮಾ ಆಯಿತು. ಬ್ಯಾಂಕಿನ ಮುಂದೆ ಜನ ಸೇರದಂತೆ ತಡೆಯಲು ಖಾತೆಸಂಖ್ಯೆಯ ಕೊನೆಯ ಅಂಕಿಯನ್ನು ನೋಡಿ ದಿನ ಹಂಚಲಾಗಿತ್ತು: 0 ಅಥವಾ 1 ಇದ್ದವರಿಗೆ ಏಪ್ರಿಲ್ 3, ಎರಡು ಅಥವಾ ಮೂರು ಇದ್ದವರಿಗೆ ಏಪ್ರಿಲ್ 4, ಹೀಗೆ ಏಪ್ರಿಲ್ 9ರವರೆಗೆ.

ಆಧಾರ್ ನೀಡುವ ಪ್ರಾಧಿಕಾರ 2009ರಲ್ಲಿ ರಚನೆಯಾಯಿತು. ಬೆಂಗಳೂರಿನ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರು. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ಟೆಂಭ್ಲಿ ಗ್ರಾಮದಲ್ಲಿ ನೀಡಲಾಯಿತು. ಆಧಾರ್ ಅನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಮೊದಲಿಗರೂ ಬೆಂಗಳೂರಿನವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಪ್ರಕರಣದಲ್ಲಿ 2018ರ ಸೆಪ್ಟೆಂಬರ್ 26ರಂದು ಬಂದ ತೀರ್ಪು, ಸರ್ಕಾರಿ ನೆರವಿಗೆ ಆಧಾರ್ ಕೇಳಲು ಅವಕಾಶ ನೀಡುವ ಆಧಾರ್ ಕಾಯ್ದೆಯ 7ನೇ ಸೆಕ್ಷನ್ ಅನ್ನು ಎತ್ತಿಹಿಡಿಯಿತು. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತೂ ಇದೆ: ಆಧಾರ್ ಸಂಖ್ಯೆ ಇನ್ನೂ ದೊರೆಯದವರಿಗೆ ಪರ್ಯಾಯ ಗುರುತಿನ ಮೇಲೆ ಸೌಲಭ್ಯ ಕೊಡಬೇಕು. ಕಚೇರಿಯ ಕಿಟಕಿಯಲ್ಲಿ ಈ ಮಾತು ಕೇಳಿಬರುವುದು ಅಪರೂಪವಾದ್ದರಿಂದ ಇಲ್ಲಿ ಒತ್ತಿ ಹೇಳಬೇಕಾಗಿದೆ.

ಮೊಬೈಲ್ ಸಂಖ್ಯೆಯ ಕೆಲಸ ಸಂದೇಶ ತರುವುದು, ಒಟಿಪಿ ಪಡೆಯುವುದು. ಆಧಾರ್‌ನಲ್ಲಿ ನೋಂದಾಯಿಸಿದ ಹಳೆಯ ಸಿಮ್ ಕಳೆದುಹೋಗಿದ್ದರೆ ಮುಂದೆ ಹೇಳಲಿರುವ ಪರಿಶೀಲನೆಗಳಲ್ಲಿ ಹೆಚ್ಚಿನವು ಮನೆಯಲ್ಲಿ ಕುಳಿತು ಸಾಧ್ಯವಾಗುವುದಿಲ್ಲ.

## ಹಣ ಸಾಗುವ ಕ್ರಮ

ಸಂಬಂಧಪಟ್ಟ ಇಲಾಖೆಯು ಅರ್ಹರ ಪಟ್ಟಿಯನ್ನು ಸಿದ್ಧಪಡಿಸುವಲ್ಲಿಂದ ಪ್ರಯಾಣ ಆರಂಭವಾಗುತ್ತದೆ. ಪಟ್ಟಿ ಅನುಮೋದನೆಗೊಂಡು ಪಾವತಿಯ ಆದೇಶವಾಗುತ್ತದೆ. ಕೇಂದ್ರದ ಯೋಜನೆಗಳಲ್ಲಿ ಈ ಆದೇಶ ‘ಸಾರ್ವಜನಿಕ ಹಣಕಾಸು ನಿರ್ವಹಣಾ ವ್ಯವಸ್ಥೆ’ ಎಂಬ ತಂತ್ರಾಂಶದ ಮೂಲಕ ಹೊರಡುತ್ತದೆ. ಪಿಎಫ್‌ಎಂಎಸ್ ಎಂಬುದು ಅದರ ಸಂಕ್ಷಿಪ್ತ ನಾಮ, ಮಹಾಲೇಖಾ ನಿಯಂತ್ರಕರ ಕಚೇರಿ ಅದರ ಹೊಣೆ ಹೊತ್ತಿದೆ. ಕರ್ನಾಟಕ ಸರ್ಕಾರದ ಖಜಾನೆಯ ತಂತ್ರಾಂಶಕ್ಕೆ ‘ಖಜಾನೆ-2’ ಎಂದು ಹೆಸರು.

ಇಲ್ಲಿಂದ ಮುಂದೆ ದಾರಿ ಎರಡಾಗಿ ಕವಲೊಡೆಯುತ್ತದೆ.

ಒಂದು, ಖಾತೆಸಂಖ್ಯೆ ಆಧಾರಿತ ಪಾವತಿ. ಫಲಾನುಭವಿಯು ಅರ್ಜಿಯಲ್ಲಿ ಬರೆದುಕೊಟ್ಟ ಖಾತೆಸಂಖ್ಯೆ ಮತ್ತು ಶಾಖೆಯ ಐಎಫ್‌ಎಸ್‌ಸಿ ಸಂಕೇತವನ್ನು ನೋಡಿ ಹಣ ಕಳುಹಿಸಲಾಗುತ್ತದೆ. ಈ ವಿಧಾನ ಸರಳ, ದುರ್ಬಲವೂ ಹೌದು. ಅಂಕಿಯೊಂದು ತಪ್ಪಿದರೆ ಹಣ ಹಿಂದಿರುಗುತ್ತದೆ, ಇಲ್ಲವೇ ಮತ್ತೊಬ್ಬರ ಖಾತೆ ಸೇರುತ್ತದೆ. ಶಾಖೆಯ ಸಂಕೇತ ಬದಲಾದರೂ ತೊಡಕು. ಕರ್ನಾಟಕಕ್ಕೆ ಈ ತೊಡಕಿನ ಅನುಭವ ಚೆನ್ನಾಗಿಯೇ ಇದೆ. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ವಿಲೀನದ ನಂತರ ಸಂಕೇತಗಳು ಬದಲಾದಾಗ ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ನಂಬಿ ಅರ್ಜಿ ತುಂಬಿದರೆ ಹಣ ದಾರಿ ತಪ್ಪುತ್ತದೆ.

ಎರಡು, ಆಧಾರ್ ಆಧಾರಿತ ಪಾವತಿ. ಇಲ್ಲಿ ಇಲಾಖೆಯು ಖಾತೆಸಂಖ್ಯೆಯನ್ನು ಕಳುಹಿಸುವುದೇ ಇಲ್ಲ. ಹನ್ನೆರಡು ಅಂಕಿಗಳ ಆಧಾರ್ ಸಂಖ್ಯೆ ಮತ್ತು ಮೊತ್ತ ಇಷ್ಟನ್ನೇ ಕಳುಹಿಸುತ್ತದೆ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ನಡೆಸುವ ‘ಆಧಾರ್ ಪೇಮೆಂಟ್ ಬ್ರಿಡ್ಜ್’ ಎಂಬ ಸೇತುವೆಯು ಆ ಸಂಖ್ಯೆ ಯಾವ ಬ್ಯಾಂಕಿಗೆ ಸೇರಿದೆ ಎಂದು ತನ್ನ ದಾಖಲೆಯಲ್ಲಿ ಹುಡುಕಿ ಹಣವನ್ನು ಆ ಬ್ಯಾಂಕಿಗೆ ದಾಟಿಸುತ್ತದೆ. ಈ ದಾಖಲೆಯ ಹೆಸರು ‘ಮ್ಯಾಪರ್’. ಬ್ಯಾಂಕು ತನ್ನ ಕಡತದಲ್ಲಿ ಆ ಆಧಾರ್ ಸಂಖ್ಯೆಗೆ ಹೊಂದಿಕೊಂಡ ಖಾತೆಯನ್ನು ಹುಡುಕಿ ಜಮಾ ಮಾಡುತ್ತದೆ. ಬ್ಯಾಂಕುಗಳ ವಿಲೀನವಾಗಲಿ, ಶಾಖೆಯ ಸ್ಥಳಾಂತರವಾಗಲಿ ಈ ದಾರಿಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಪಿಎಂ-ಕಿಸಾನ್ ಯೋಜನೆಯ ವಾರ್ಷಿಕ 6,000 ರೂಪಾಯಿ, ತಲಾ 2,000ದಂತೆ ಮೂರು ಕಂತುಗಳಲ್ಲಿ, ಈ ದಾರಿಯಲ್ಲಿ ಬರುತ್ತದೆ. ಉದ್ಯೋಗ ಖಾತರಿ ಯೋಜನೆಯ ಕೂಲಿಗೂ 2024ರ ಜನವರಿ 1ರಿಂದ ಇದೇ ಕಡ್ಡಾಯವಾಯಿತು.

ಹಣ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೋಗದೆ ಲಕ್ಷಾಂತರ ಹೆಸರುಗಳ ಕಟ್ಟುಗಳಾಗಿ ಸಾಗುತ್ತದೆ. ಪಕ್ಕದ ಮನೆಯವರಿಗೆ ಸೋಮವಾರ ಬಂದದ್ದು ನಮ್ಮ ಮನೆಗೆ ಗುರುವಾರ ಬರುವುದಕ್ಕೆ ಅವರವರ ಹೆಸರು ಯಾವ ಕಟ್ಟಿನಲ್ಲಿತ್ತು ಎಂಬುದಷ್ಟೇ ಕಾರಣವಿರಬಹುದು.

## ಆಧಾರ್ ಜೋಡಣೆ ಬೇರೆ, ಮ್ಯಾಪಿಂಗ್ ಬೇರೆ

ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಸಂಗತಿ ಇದು. ‘ಆಧಾರ್ ಲಿಂಕ್ ಆಗಿದೆ, ಆದರೂ ದುಡ್ಡು ಬಿದ್ದಿಲ್ಲ’ ಎಂದು ಹಳ್ಳಿಗಳಲ್ಲಿ ಸರ್ಕಾರಿ ಸೇವೆ ಒದಗಿಸುವ ಗ್ರಾಮ ಒನ್ ಕೇಂದ್ರಗಳಲ್ಲಿ ದಿನವೂ ಕೇಳಿಬರುವ ದೂರಿನ ಮೂಲ ಇಲ್ಲಿದೆ.

ಖಾತೆ ತೆರೆಯುವಾಗ ಗುರುತಿಗಾಗಿ ಆಧಾರ್ ಕೊಟ್ಟರೆ ಬ್ಯಾಂಕು ಅದನ್ನು ತನ್ನ ಕಡತದಲ್ಲಿ ಬರೆದುಕೊಳ್ಳುತ್ತದೆ. ಅದು ಜೋಡಣೆ. ಒಬ್ಬ ವ್ಯಕ್ತಿಗೆ ನಾಲ್ಕು ಬ್ಯಾಂಕುಗಳಲ್ಲಿ ಖಾತೆಯಿದ್ದರೆ ನಾಲ್ಕಕ್ಕೂ ಆಧಾರ್ ಜೋಡಣೆ ಆಗಿರಬಹುದು. ಸರ್ಕಾರದ ಹಣಕ್ಕೆ ಮಾತ್ರ ಒಂದೇ ಬಾಗಿಲು. ಆ ಬಾಗಿಲು ಯಾವುದೆಂಬುದನ್ನು ಗ್ರಾಹಕರ ಒಪ್ಪಿಗೆ ಪಡೆದು ಬ್ಯಾಂಕು ಎನ್‌ಪಿಸಿಐ ಮ್ಯಾಪರ್‌ನಲ್ಲಿ ದಾಖಲಿಸಬೇಕು. ಇದಕ್ಕೆ ‘ಸೀಡಿಂಗ್’ ಅಥವಾ ಮ್ಯಾಪಿಂಗ್ ಎನ್ನುತ್ತಾರೆ. ಜನ ಇದನ್ನೇ ‘ಎನ್‌ಪಿಸಿಐ ಮಾಡಿಸುವುದು’ ಎಂದು ಚಿಕ್ಕದಾಗಿ ಹೇಳುತ್ತಾರೆ. ಆ ಮಾತು ತಾಂತ್ರಿಕವಾಗಿಯೂ ಸರಿಯಾಗಿದೆ.

ಮ್ಯಾಪರ್‌ನಲ್ಲಿ ಆಧಾರ್ ಸಂಖ್ಯೆಯ ಎದುರು ಇರುವುದು ಬ್ಯಾಂಕಿನ ಗುರುತುಸಂಖ್ಯೆ ಮಾತ್ರ, ಖಾತೆಸಂಖ್ಯೆ ಅಲ್ಲಿರುವುದಿಲ್ಲ. ಒಂದು ಆಧಾರ್ ಸಂಖ್ಯೆಗೆ ಒಂದು ಸಮಯದಲ್ಲಿ ಒಂದೇ ಬ್ಯಾಂಕು. ಕೊನೆಯದಾಗಿ ಮ್ಯಾಪಿಂಗ್ ಮಾಡಿದ ಬ್ಯಾಂಕು ಯಾವುದೋ ಅದಕ್ಕೇ ಮುಂದಿನ ಎಲ್ಲ ಹಣ. ಹೊಸ ಖಾತೆ ತೆರೆಯುವಾಗ ಅರ್ಜಿಯ ಸಣ್ಣ ಚೌಕದಲ್ಲಿ ‘ಡಿಬಿಟಿ ಈ ಖಾತೆಗೆ ಬರಲಿ’ ಎಂದು ಗುರುತು ಹಾಕಿದರೆ, ಅಲ್ಲಿಯವರೆಗೆ ಹಳೆಯ ಖಾತೆಗೆ ಬರುತ್ತಿದ್ದ ಹಣ ದಿಕ್ಕು ಬದಲಿಸುತ್ತದೆ. ಬಂದ ಹಣವನ್ನು ಬಂದಿಲ್ಲವೆಂದು ಭಾವಿಸಿ ಕಚೇರಿ ಅಲೆಯುವವರಲ್ಲಿ ಬಹಳ ಮಂದಿಯ ಹಣ ಅವರದೇ ಹೆಸರಿನ, ಅವರು ಮರೆತ ಇನ್ನೊಂದು ಖಾತೆಯಲ್ಲಿ ಸುಮ್ಮನೆ ಕುಳಿತಿರುತ್ತದೆ.

ಈ ಒಂದೇ ಬಾಗಿಲಿನ ನಿಯಮ ಎಷ್ಟು ಸೂಕ್ಷ್ಮವೆಂಬುದು 2017ರಲ್ಲಿ ಬಯಲಾಯಿತು. ಮೊಬೈಲ್ ಸಂಖ್ಯೆಗೆ ಆಧಾರ್ ಪರಿಶೀಲನೆ ಮಾಡಿಸಲು ಹೋದ ಗ್ರಾಹಕರ ಹೆಸರಿನಲ್ಲಿ, ಅವರಿಗೆ ಸರಿಯಾಗಿ ತಿಳಿಸದೆ, ದೂರಸಂಪರ್ಕ ಕಂಪನಿಯೊಂದರ ಪಾವತಿ ಬ್ಯಾಂಕಿನಲ್ಲಿ ಖಾತೆಗಳು ತೆರೆಯಲ್ಪಟ್ಟವು. ಅಡುಗೆ ಅನಿಲದ ಸಹಾಯಧನ ಆ ಖಾತೆಗಳಿಗೆ ಹರಿಯಿತು. ಆಧಾರ್ ಪ್ರಾಧಿಕಾರ ಕ್ರಮ ಕೈಗೊಂಡಿತು. ಮ್ಯಾಪಿಂಗ್ ಬದಲಿಸುವಾಗ ಹಿಂದಿನ ಬ್ಯಾಂಕಿನ ಹೆಸರನ್ನೂ ತಿಳಿಸಿ ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆಯಬೇಕೆಂಬ ನಿಯಮ ಬಿಗಿಯಾಯಿತು.

ಯಾವ ಬ್ಯಾಂಕಿಗೆ ಮ್ಯಾಪಿಂಗ್ ಆಗಿದೆ ಎಂದು ತಿಳಿಯುವುದು ಸುಲಭ. ಆಧಾರ್ ಪ್ರಾಧಿಕಾರದ ‘ಮೈ ಆಧಾರ್’ ಜಾಲತಾಣದಲ್ಲಿ ಆಧಾರ್ ಸಂಖ್ಯೆ ಮತ್ತು ಒಟಿಪಿ ನೀಡಿ ಪ್ರವೇಶಿಸಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರು, ಮ್ಯಾಪಿಂಗ್ ಸಕ್ರಿಯವೋ ಅಲ್ಲವೋ ಎಂಬುದು, ಕೊನೆಯದಾಗಿ ಬದಲಾದ ದಿನಾಂಕ ಮೂರೂ ಕಾಣುತ್ತವೆ. ಸ್ಮಾರ್ಟ್‌ಫೋನ್ ಇಲ್ಲದವರು ಸಾಮಾನ್ಯ ಮೊಬೈಲಿನಿಂದ *99*99*1# ಒತ್ತಿ ವಿಚಾರಿಸಬಹುದು. ಮ್ಯಾಪಿಂಗ್ ಮಾಡಿಸಲು ಅಥವಾ ಬದಲಿಸಲು ಬೇಕಾದ ಬ್ಯಾಂಕಿನ ಶಾಖೆಯಲ್ಲಿ ಒಪ್ಪಿಗೆ ಪತ್ರ ತುಂಬಿಕೊಡಬೇಕು. ಹಲವು ಬ್ಯಾಂಕುಗಳ ಗ್ರಾಹಕರು ಎನ್‌ಪಿಸಿಐ ಜಾಲತಾಣದ ‘ಭಾರತ್ ಆಧಾರ್ ಸೀಡಿಂಗ್ ಎನೇಬ್ಲರ್’ ಪುಟದಲ್ಲಿ ತಾವೇ ಇದನ್ನು ಮಾಡಿಕೊಳ್ಳಬಹುದು.

## ಖಾತೆಯಿಂದ ಕೈಗೆ

ಖಾತೆಗೆ ಬಂದ ಹಣವನ್ನು ಶಾಖೆಯಲ್ಲಿ, ರೂಪೇ ಕಾರ್ಡಿನಿಂದ ಎಟಿಎಂನಲ್ಲಿ ಪಡೆಯಬಹುದು. ಯುಪಿಐ ಬಳಸುವವರು ನೋಟನ್ನು ಮುಟ್ಟದೆಯೇ ಕಿರಾಣಿ ಅಂಗಡಿಯಲ್ಲಿ ವ್ಯಯಿಸಬಹುದು. ಜನಧನ್ ಮಾದರಿಯ ಮೂಲ ಉಳಿತಾಯ ಖಾತೆಯಲ್ಲಿ ತಿಂಗಳಿಗೆ ಕನಿಷ್ಠ ನಾಲ್ಕು ಬಾರಿ ಹಣ ತೆಗೆಯಲು ಶುಲ್ಕವಿಲ್ಲ.

ಬ್ಯಾಂಕೂ ಎಟಿಎಂ ಕೂಡ ದೂರವಿರುವ ಊರುಗಳಲ್ಲಿ ನಿಜವಾದ ಆಸರೆ ‘ಬ್ಯಾಂಕ್ ಮಿತ್ರ’. ಬ್ಯಾಂಕುಗಳು ತಮ್ಮ ಪರವಾಗಿ ಹಳ್ಳಿಗಳಲ್ಲಿ ಪ್ರತಿನಿಧಿಗಳನ್ನು ನೇಮಿಸಿಕೊಳ್ಳಲು ರಿಸರ್ವ್ ಬ್ಯಾಂಕ್ 2006ರಲ್ಲಿ ಅನುಮತಿ ನೀಡಿತು. ಇವರ ಬಳಿ ಇರುವ ಅಂಗೈಯಗಲದ ಯಂತ್ರದಲ್ಲಿ ಆಧಾರ್ ಸಂಖ್ಯೆ ನೀಡಿ, ಬ್ಯಾಂಕಿನ ಹೆಸರು ಹೇಳಿ, ಬೆರಳೊತ್ತಿದರೆ ಹಣ ದೊರೆಯುತ್ತದೆ. ‘ಆಧಾರ್ ಸಶಕ್ತ ಪಾವತಿ ವ್ಯವಸ್ಥೆ’, ಅಂದರೆ ಎಇಪಿಎಸ್, ಎಂದು ಇದರ ಹೆಸರು. ಒಂದು ಬಾರಿಗೆ 10,000 ರೂಪಾಯಿ ಮಿತಿ. ಮಿತ್ರರಿಗೆ ಬ್ಯಾಂಕೇ ಕಮಿಷನ್ ಕೊಡುತ್ತದೆ. ಎಣಿಸಿಕೊಡುವ ಹಣದಲ್ಲಿ ‘ಚಾರ್ಜು’ ಎಂದು ಐವತ್ತೋ ನೂರೋ ಮುರಿದುಕೊಳ್ಳಲು ಅವರಿಗೆ ಅಧಿಕಾರವಿಲ್ಲ. 2018ರ ಸೆಪ್ಟೆಂಬರ್ 1ರಂದು ಆರಂಭವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಇದೇ ಯಂತ್ರವನ್ನು ಅಂಚೆಯವರ ಚೀಲಕ್ಕೆ ಸೇರಿಸಿದೆ. ಮನಿಯಾರ್ಡರ್ ತರುತ್ತಿದ್ದ ಅಂಚೆಯಣ್ಣ ಈಗ ಯಾವ ಬ್ಯಾಂಕಿನ ಖಾತೆಯ ಹಣವನ್ನಾದರೂ ಮನೆಬಾಗಿಲಲ್ಲಿ ತೆಗೆದುಕೊಡಬಲ್ಲ. ಇದು ಈ ವ್ಯವಸ್ಥೆಯ ಅತ್ಯಂತ ಮಾನವೀಯ ಭಾಗ; ಗೊತ್ತಿರುವವರು ಕಡಿಮೆ.

ಎಇಪಿಎಸ್‌ನ ದೌರ್ಬಲ್ಯ ಬೆರಳಿನಲ್ಲಿದೆ. ಅಡಿಕೆ ಸುಲಿಯುವ, ಬೀಡಿ ಕಟ್ಟುವ, ಗಾರೆ ಕಲೆಸುವ ಕೈಗಳ ರೇಖೆ ಸವೆದಿರುತ್ತದೆ. ವಯಸ್ಸಾದಂತೆ ಚರ್ಮವೂ ಒಣಗುತ್ತದೆ. ‘ಹೆಬ್ಬೆಟ್ಟು ತಗೊಳ್ತಿಲ್ಲ’ ಎಂಬ ಮಾತು ಯಾರಿಗೆ ನೆರವು ತೀರಾ ಅಗತ್ಯವೋ ಅವರಿಗೇ ಹೆಚ್ಚು ಎದುರಾಗುತ್ತದೆ. ಬೆರಳನ್ನು ತೊಳೆದು ಒರೆಸಿ ಮತ್ತೆ ಯತ್ನಿಸುವುದು, ಬೇರೆ ಬೆರಳು ಬಳಸುವುದು, ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚನ್ನು ನವೀಕರಿಸುವುದು ತಕ್ಷಣದ ಪರಿಹಾರಗಳು. ಮುಖಚಹರೆಯ ದೃಢೀಕರಣ ಪಿಎಂ-ಕಿಸಾನ್‌ನ ಇ-ಕೆವೈಸಿಗೆ, ಅಂದರೆ ವಿದ್ಯುನ್ಮಾನ ಗುರುತು ಪರಿಶೀಲನೆಗೆ, 2023ರಲ್ಲಿ ಬಂತು. ಅಂಚೆಯ ಪಾವತಿ ಬ್ಯಾಂಕು 2025ರಲ್ಲಿ ಅದನ್ನು ವಹಿವಾಟಿಗೂ ತಂದಿತು. ಹಾಸಿಗೆ ಹಿಡಿದ ವೃದ್ಧರಿಗೆ ಯಂತ್ರಕ್ಕಿಂತ ಮನುಷ್ಯರು ಮೇಲು ಎಂದು ತೀರ್ಮಾನಿಸಿದ ನೆರೆರಾಜ್ಯಗಳೂ ಇವೆ. ಕೇರಳವು ಕ್ಷೇಮ ಪಿಂಚಣಿಯನ್ನು ಸಹಕಾರ ಸಂಘಗಳ ಮೂಲಕ ಮನೆಗೆ ತಲುಪಿಸುತ್ತದೆ. ಆಂಧ್ರಪ್ರದೇಶದಲ್ಲಿ ತಿಂಗಳ ಆರಂಭದಲ್ಲಿ ಸಿಬ್ಬಂದಿ ಮನೆಮನೆಗೆ ಹೋಗಿ ನಗದು ಕೊಡುತ್ತಾರೆ. ವಿದ್ಯುನ್ಮಾನ ಪಾವತಿಯನ್ನು ಹಳೆಯ ಪದ್ಧತಿಗೆ ಬದಲಿಯೆಂದು ಕಾಣದೆ ಪೂರಕವೆಂದು ಕಂಡರೆ ಯಾರೂ ಹೊರಗುಳಿಯುವುದಿಲ್ಲ ಎಂಬುದಕ್ಕೆ ಇವು ಸಾಕ್ಷಿ.

## ಕರ್ನಾಟಕದಲ್ಲಿ

ರಾಜ್ಯದಲ್ಲಿ ಡಿಬಿಟಿ ಎಂಬ ಪದ ಅಡುಗೆಮನೆಯವರೆಗೆ ಬಂದದ್ದು 2023ರಲ್ಲಿ. ರಾಜ್ಯದ ಪಡಿತರ ಯೋಜನೆಯಾದ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ದೊರೆಯದಿದ್ದಾಗ, ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಜುಲೈ 10ರಿಂದ ಕುಟುಂಬದ ಮುಖ್ಯಸ್ಥರ ಖಾತೆಗೆ ಹಾಕಲಾರಂಭಿಸಲಾಯಿತು. ಆಗಲೇ ಸಕ್ರಿಯ ಖಾತೆ ಇಲ್ಲದ, ಆಧಾರ್ ಮ್ಯಾಪಿಂಗ್ ಆಗದ ಕುಟುಂಬಗಳು ಲಕ್ಷಗಟ್ಟಲೆ ಇರುವುದು ಬೆಳಕಿಗೆ ಬಂತು. ಬ್ಯಾಂಕುಗಳ ಮುಂದೆ ಸಾಲುಗಳು ಬೆಳೆದವು. 2025ರ ಫೆಬ್ರುವರಿಯಿಂದ ಹಣದ ಬದಲು ಅಕ್ಕಿಯೇ ಸಿಗತೊಡಗಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆಯಿತು. ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದ ಮಹಿಳೆಯ ಆಧಾರ್‌ಗೆ ಮ್ಯಾಪಿಂಗ್ ಆದ ಖಾತೆಗೇ ಈ ಹಣ ಬರುತ್ತದೆ. ಗಂಡನ ಅಥವಾ ಮಗನ ಖಾತೆಸಂಖ್ಯೆ ಬರೆದುಕೊಟ್ಟರೂ ಅಲ್ಲಿಗೆ ಹೋಗುವುದಿಲ್ಲ. ತಾಂತ್ರಿಕ ನಿಯಮವೊಂದು ಇಲ್ಲಿ ಮಹಿಳೆಯ ಹಕ್ಕನ್ನು ಕಾಯುತ್ತದೆ.

ರೈತರಿಗೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಣಿ ಮುಖ್ಯ. ಅಲ್ಲಿ ದೊರೆಯುವ ಎಫ್‌ಐಡಿ ಎಂಬ ಗುರುತುಸಂಖ್ಯೆಯಲ್ಲಿ ರೈತನ ಆಧಾರ್ ಮತ್ತು ಸರ್ವೆ ನಂಬರುಗಳು ಒಂದಾಗಿರುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ಬೆಳೆ ಪರಿಹಾರ ಹಂಚಿದ್ದು ಇದೇ ದಾಖಲೆಯ ಆಧಾರದ ಮೇಲೆ. ಕೆಲವೇ ಸರ್ವೆ ನಂಬರುಗಳನ್ನು ಸೇರಿಸಿ ಉಳಿದದ್ದನ್ನು ಬಿಟ್ಟವರಿಗೆ ಸೇರಿಸಿದಷ್ಟು ಜಮೀನಿನ ಲೆಕ್ಕದಲ್ಲಿ ಮಾತ್ರ ಪರಿಹಾರ ಬರುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣವಿದೆ. ಹಾಲು ಉತ್ಪಾದಕರಿಗೆ ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ.

ರಾಜ್ಯ ಸರ್ಕಾರದ ‘ಡಿಬಿಟಿ ಕರ್ನಾಟಕ’ ಮೊಬೈಲ್ ಆ್ಯಪ್‌ನಲ್ಲಿ ಆಧಾರ್ ಮತ್ತು ಒಟಿಪಿ ನೀಡಿ ನಾಲ್ಕಂಕಿಯ ರಹಸ್ಯ ಸಂಖ್ಯೆ ರೂಪಿಸಿಕೊಂಡರೆ ಯಾವ ಯೋಜನೆಯ ಎಷ್ಟು ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಎಂಬುದು ಕಾಣುತ್ತದೆ. ಈ ಮಾಹಿತಿ ಕೈಯಲ್ಲಿದ್ದರೆ ಕಚೇರಿಯ ಉತ್ತರಕ್ಕಾಗಿ ಕಾಯಬೇಕಿಲ್ಲ.

## ವೋಚರ್ ಮಾದರಿ

ಖಾತೆಯೇ ಬೇಡದ ದಾರಿಯೊಂದಿದೆ. 2021ರ ಆಗಸ್ಟ್ 2ರಂದು ಬಿಡುಗಡೆಯಾದ ‘ಇ-ರುಪಿ’ ಒಂದು ವಿದ್ಯುನ್ಮಾನ ಚೀಟಿ. ಅದು ಮೊಬೈಲಿಗೆ ಸಂದೇಶವಾಗಿ ಅಥವಾ ಕ್ಯೂಆರ್ ಚಿತ್ರವಾಗಿ ಬರುತ್ತದೆ. ಯಾವ ಉದ್ದೇಶಕ್ಕೆ ಕೊಟ್ಟಿದೆಯೋ ಅದಕ್ಕೆ ಮಾತ್ರ ಬಳಸಬಹುದು. ಬೀಜ ಕೊಳ್ಳಲು ಕೊಟ್ಟದ್ದರಲ್ಲಿ ಬೇರೇನೂ ಕೊಳ್ಳಲಾಗದು. ನಗದಿನ ಸ್ವಾತಂತ್ರ್ಯ ಇದರಲ್ಲಿಲ್ಲ. ಸಾಮಾನ್ಯ ಪಿಂಚಣಿಗೆ ಇದು ಹೊಂದುವಂಥದ್ದಲ್ಲ.

## ಹಣ ಬಾರದಿದ್ದಾಗ

ಮೊದಲು ಹಣ ಎಲ್ಲಿ ನಿಂತಿದೆ ಎಂದು ಗುರುತಿಸಬೇಕು. ನಿಲುಗಡೆಗಳು ಮೂರೇ: ಇಲಾಖೆ, ಸೇತುವೆ, ಬ್ಯಾಂಕು.

ಹೆಸರು ಪಟ್ಟಿಯಲ್ಲೇ ಇಲ್ಲದಿದ್ದರೆ ಅಥವಾ ಇ-ಕೆವೈಸಿ ಬಾಕಿಯಿದ್ದರೆ ತಪ್ಪು ಇಲಾಖೆಯ ಹಂತದಲ್ಲಿದೆ. ಬ್ಯಾಂಕಿಗೆ ಅಲೆದು ಫಲವಿಲ್ಲ. ಪಡಿತರ ಚೀಟಿಯಲ್ಲಿ ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಮ್ಮ’ ಎಂಬಂಥ ವ್ಯತ್ಯಾಸವೂ ಇಲ್ಲಿಯೇ ತಡೆಯುತ್ತದೆ. ಕನ್ನಡದ ಹೆಸರನ್ನು ಇಂಗ್ಲಿಷಿಗೆ ಹಲವು ಬಗೆಯಲ್ಲಿ ಬರೆಯುವುದರಿಂದ, ಇನಿಷಿಯಲ್ ಕೆಲವೆಡೆ ಮುಂದೆ ಕೆಲವೆಡೆ ಹಿಂದೆ ಬರುವುದರಿಂದ ಈ ತೊಂದರೆ ನಮ್ಮಲ್ಲಿ ಹೆಚ್ಚು. ಆಧಾರ್ ಮ್ಯಾಪಿಂಗ್ ಇಲ್ಲ ಅಥವಾ ನಿಷ್ಕ್ರಿಯ ಎಂದು ಬಂದರೆ ಸೇತುವೆಯ ಹಂತದ ತೊಡಕು. ಮೇಲೆ ಹೇಳಿದಂತೆ ಬ್ಯಾಂಕಿನಲ್ಲಿ ಸೀಡಿಂಗ್ ಮಾಡಿಸಬೇಕು. ಖಾತೆ ಮುಚ್ಚಿದ್ದರೆ ಅಥವಾ ಕೆವೈಸಿ ನವೀಕರಿಸದೆ ತಡೆಹಿಡಿದಿದ್ದರೆ ಬ್ಯಾಂಕಿನ ಹಂತದ್ದು.

ಜಮಾ ಆಗದ ಹಣ ಇಲಾಖೆಯ ಲೆಕ್ಕಕ್ಕೆ ಹಿಂದಿರುಗುತ್ತದೆ. ದೋಷ ತಿದ್ದಿದ ಮೇಲೆ ಇಲಾಖೆ ಮತ್ತೆ ಕಳುಹಿಸಬೇಕು. ತಾನಾಗಿ ಬರುತ್ತದೆಂದು ಕಾಯದೆ, ತಿದ್ದಿದ ದಾಖಲೆಯ ನಕಲಿನೊಂದಿಗೆ ಲಿಖಿತ ಮನವಿ ಕೊಡುವುದು ಒಳಿತು. ಬ್ಯಾಂಕಿನ ಮೇಲಿನ ಲಿಖಿತ ದೂರಿಗೆ 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ನೀಡಬಹುದು, ಮಾಹಿತಿಗೆ 14448. ಆಧಾರ್ ಕುರಿತ ಸಹಾಯವಾಣಿ 1947.

ಅತ್ಯಂತ ಕ್ಲಿಷ್ಟವಾದದ್ದು ಒಬ್ಬರ ಆಧಾರ್ ಸಂಖ್ಯೆ ಮತ್ತೊಬ್ಬರ ಖಾತೆಗೆ ತಪ್ಪಾಗಿ ಸೇರಿಕೊಂಡ ಪ್ರಕರಣ. ವ್ಯವಸ್ಥೆಯ ಕಣ್ಣಿಗೆ ಪಾವತಿ ಯಶಸ್ವಿಯಾಗಿರುತ್ತದೆ, ಫಲಾನುಭವಿಯ ಕೈ ಮಾತ್ರ ಬರಿದು. ಸೀಡಿಂಗ್ ಸ್ಥಿತಿಯಲ್ಲಿ ಖಾತೆಯೇ ಇಲ್ಲದ ಬ್ಯಾಂಕಿನ ಹೆಸರು ಕಂಡರೆ ಆ ಬ್ಯಾಂಕಿಗೂ ಇಲಾಖೆಗೂ ಒಟ್ಟಿಗೇ ಬರೆಯಬೇಕು.

## ಸುರಕ್ಷತೆ

ಬೆರಳಚ್ಚು ಪಾಸ್‌ವರ್ಡಿನಂತೆ ಬದಲಿಸಬಹುದಾದದ್ದಲ್ಲ. ಆಸ್ತಿ ನೋಂದಣಿ ಪತ್ರಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿ ಎಇಪಿಎಸ್ ಮೂಲಕ ಖಾತೆ ಬರಿದು ಮಾಡಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲೂ ದಾಖಲಾದವು. ‘ಮೈ ಆಧಾರ್’ ತಾಣದಲ್ಲಿ ಅಥವಾ ‘ಎಂ-ಆಧಾರ್’ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಅನ್ನು ಬೀಗ ಹಾಕಿಡಬಹುದು. ಬೇಕಾದಾಗ ತೆರೆದು ಬಳಸಿದರಾಯಿತು. ಬೀಗ ಹಾಕಿದರೂ ಖಾತೆಗೆ ಹಣ ಬರುವುದಕ್ಕೆ ಅಡ್ಡಿಯಿಲ್ಲ. ಬೆರಳೊತ್ತಿ ತೆಗೆಯುವ ದಾರಿಯಷ್ಟೇ ಮುಚ್ಚಿರುತ್ತದೆ.

ಮಿತ್ರರ ಬಳಿ ಬೆರಳೊತ್ತಿದಾಗಲೆಲ್ಲ ಚೀಟಿ ಕೇಳಿ ಪಡೆಯಬೇಕು. ‘ಆಗಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದರೆ ಮೊದಲ ಯತ್ನ ವಿಫಲವಾದುದಕ್ಕೂ ಚೀಟಿ ಬರುತ್ತದೆ. ಅದನ್ನು ನೋಡಿಯೇ ಎರಡನೆಯ ಬಾರಿ ಒತ್ತಬೇಕು. ಕಂತು ಬಿಡುಗಡೆಯ ಸುದ್ದಿ ಬಂದಾಗಲೆಲ್ಲ ‘ಹಣ ಪಡೆಯಲು ಇಲ್ಲಿ ಒತ್ತಿ’ ಎಂಬ ಸುಳ್ಳು ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಸರ್ಕಾರದ ಹಣ ಪಡೆಯಲು ಒಟಿಪಿ ಹೇಳಬೇಕಾದ, ಪಿನ್ ಒತ್ತಬೇಕಾದ ಪ್ರಸಂಗವೇ ಇಲ್ಲ. ಖಾತೆಗೆ ಬರುವ ಹಣ ಯಾರ ಅನುಮತಿಯನ್ನೂ ಕೇಳುವುದಿಲ್ಲ. ಮೋಸ ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಬದಲಾಗಿ ದೂರ ಹೋಗುತ್ತದೆ.

ಮನೆಯಲ್ಲಿ ಓದುಬರಹ ಬಲ್ಲ ಒಬ್ಬರು ವರ್ಷಕ್ಕೊಮ್ಮೆ ಹಿರಿಯರ ಸೀಡಿಂಗ್ ಸ್ಥಿತಿಯನ್ನು ನೋಡಿ, ಬ್ಯಾಂಕಿನ ಹೆಸರನ್ನು ಅವರ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಲಿ. ಬಿಡುವಾದಾಗ ನೆರೆಮನೆಯ ಒಂಟಿ ಅಜ್ಜಿಗೂ ನೋಡಿಕೊಡಲಿ.